ಊಟಿಯ ರೈಲು ಬೇರೆ, ಕುಶಾಲನಗರದ ರೈಲು ಬೇರೆ

ಕರ್ನಾಟಕದ ರೈಲ್ವೆ ನಕ್ಷೆಯಲ್ಲಿ ಕೊಡಗು ಖಾಲಿ ಜಾಗ. ಮಡಿಕೇರಿಯ ರಾಜಾಸೀಟಿನ ಬಳಿ ಮಕ್ಕಳಿಗಾಗಿ ಹಾಕಿದ ಪುಟಾಣಿ ರೈಲಿನ ಹಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಇಡೀ ಜಿಲ್ಲೆಯಲ್ಲಿ ಒಂದು ಮೀಟರ್ ಹಳಿಯೂ ಸಿಗದು. ರೈಲು ಹಿಡಿಯಬೇಕಾದರೆ ನಾವು ಮೈಸೂರಿಗೋ ಹಾಸನಕ್ಕೋ ಮಂಗಳೂರಿಗೋ ಹೋಗಬೇಕು. ವಿರಾಜಪೇಟೆ ಕಡೆಯವರು ಮಾಕುಟ್ಟದ ಘಾಟಿ ಇಳಿದು ಕಣ್ಣೂರಿಗೋ ತಲಶ್ಶೇರಿಗೋ ಹೋಗುತ್ತಾರೆ.

ಹೀಗಾಗಿ ಮೈಸೂರು–ಕುಶಾಲನಗರ ರೈಲು ಮಾರ್ಗದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಜಿಲ್ಲೆಯಲ್ಲಿ ಅದೇ ಮಾತು. ವಾರಾಂತ್ಯದ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡವರಿಗೂ ಮಳೆಗಾಲದಲ್ಲಿ ಹೆದ್ದಾರಿ ಬಂದ್ ಆದಾಗ ಮನೆಯಲ್ಲಿ ಉಳಿದವರಿಗೂ ನೆನಪಾಗುವುದು ಊಟಿಯ ರೈಲು: ‘ಅಲ್ಲಿಗೆ ಇದೆ, ನಮಗೆ ಯಾಕಿಲ್ಲ?’ ಆದರೆ ಊಟಿಯ ರೈಲಿಗೂ ಕಡತದಲ್ಲಿರುವ ಕುಶಾಲನಗರದ ರೈಲಿಗೂ ಸಂಬಂಧವಿಲ್ಲ. ಅವೆರಡನ್ನೂ ಒಂದೇ ಎಂದುಕೊಂಡು ಬೇಕು ಎನ್ನುವವರೂ ಬೇಡ ಎನ್ನುವವರೂ ವಾದಿಸುವುದನ್ನು ಕೇಳಿದ್ದೇನೆ. ವ್ಯತ್ಯಾಸ ತಿಳಿಯಬೇಕಾದರೆ ಎರಡು ಹಳಿಗಳ ನಡುವಿನ ಅಂತರದಿಂದ ಆರಂಭಿಸಬೇಕು.

ಗೇಜ್ ಎಂದರೆ ಏನು

ಎರಡು ಹಳಿಗಳ ಒಳಅಂಚುಗಳ ನಡುವಿನ ಅಂತರವೇ ಗೇಜ್. ಮೈಸೂರಿನಲ್ಲಿ ನಾವು ಹತ್ತುವ ರೈಲು ಓಡುವುದು ಬ್ರಾಡ್ ಗೇಜ್ ಮೇಲೆ. ಅದರ ಅಂತರ 1676 ಮಿಲಿಮೀಟರ್. ಮೀಟರ್ ಗೇಜ್‌ನದ್ದು 1000 ಮಿ.ಮೀ. ಅದಕ್ಕಿಂತ ಕಿರಿದಾದ 762 ಮತ್ತು 610 ಮಿ.ಮೀ. ಹಳಿಗಳಿಗೆ ಭಾರತದಲ್ಲಿ ನ್ಯಾರೋ ಗೇಜ್ ಎನ್ನುತ್ತಾರೆ. ಜಗತ್ತಿನ ಬಹುಪಾಲು ದೇಶಗಳ ವಾಡಿಕೆಯಲ್ಲಿ 1435 ಮಿ.ಮೀ.ಗಿಂತ ಕಿರಿದಾದುದೆಲ್ಲ ನ್ಯಾರೋ ಗೇಜ್. ಆದ್ದರಿಂದ ಊಟಿಗೆ ಹೋಗುವ ನೀಲಗಿರಿಯ ಮೀಟರ್ ಗೇಜ್ ರೈಲೂ ಆ ಗುಂಪಿಗೆ ಸೇರುತ್ತದೆ.

ನಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. ಕೋಲಾರ–ಚಿಕ್ಕಬಳ್ಳಾಪುರ ನಡುವೆ ದಶಕಗಳ ಕಾಲ ಓಡಿದ್ದು 762 ಮಿ.ಮೀ. ಹಳಿಯ ಪುಟ್ಟ ರೈಲು. ದೇಶದ ಹಳಿಗಳನ್ನೆಲ್ಲ ಒಂದೇ ಗೇಜಿಗೆ ತರುವ ಯೂನಿಗೇಜ್ ಯೋಜನೆ 1992ರಲ್ಲಿ ಆರಂಭವಾದ ಮೇಲೆ ಇಂಥ ಮಾರ್ಗಗಳು ಒಂದೊಂದಾಗಿ ಬ್ರಾಡ್ ಗೇಜ್ ಆದವು, ಇಲ್ಲವೇ ಮುಚ್ಚಿದವು. ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ–ಶಿಮ್ಲಾ, ಮಾಥೇರಾನ್ ಮತ್ತು ಕಾಂಗ್ರಾ ಕಣಿವೆಯ ಬೆಟ್ಟದ ಮಾರ್ಗಗಳು ಹಾಗೆಯೇ ಉಳಿದವು. ಇವುಗಳಲ್ಲಿ ಮೊದಲ ಮೂರು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿವೆ: ಡಾರ್ಜಿಲಿಂಗ್ 1999ರಲ್ಲಿ, ನೀಲಗಿರಿ 2005ರಲ್ಲಿ, ಕಾಲ್ಕಾ–ಶಿಮ್ಲಾ 2008ರಲ್ಲಿ ಸೇರಿತು.

ಹಳಿ ಕಿರಿದಾದರೆ ತಿರುವು ಸುಲಭವೇಕೆ

ರೈಲಿನ ಎಡ ಬಲ ಚಕ್ರಗಳು ಒಂದೇ ಅಚ್ಚಿಗೆ ಭದ್ರವಾಗಿ ಕೂಡಿಕೊಂಡಿರುತ್ತವೆ. ಒಂದು ಸುತ್ತಿದಷ್ಟೇ ಇನ್ನೊಂದೂ ಸುತ್ತಬೇಕು. ನೇರ ದಾರಿಯಲ್ಲಿ ಇದರಿಂದ ತೊಂದರೆಯಿಲ್ಲ. ತಿರುವಿನಲ್ಲಿ ಮಾತ್ರ ಹೊರಗಿನ ಹಳಿ ಒಳಗಿನದಕ್ಕಿಂತ ಉದ್ದವಾಗಿರುತ್ತದೆ. ಎಷ್ಟು ಉದ್ದ? ರೈಲು ಬಂದ ದಿಕ್ಕಿಗೇ ಮುಖ ಮಾಡುವಂತೆ ಪೂರ್ತಿ ತಿರುಗಿತು ಎನ್ನೋಣ. ಬ್ರಾಡ್ ಗೇಜ್‌ನಲ್ಲಿ ಹೊರಹಳಿ ಒಳಹಳಿಗಿಂತ ಸುಮಾರು 5.3 ಮೀಟರ್ ಹೆಚ್ಚು ಉದ್ದವಾಗುತ್ತದೆ. 762 ಮಿ.ಮೀ. ಗೇಜ್‌ನಲ್ಲಿ ಆ ಹೆಚ್ಚಳ 2.4 ಮೀಟರ್, 610 ಮಿ.ಮೀ.ನಲ್ಲಿ 1.9 ಮೀಟರ್ ಮಾತ್ರ.

ಈ ವ್ಯತ್ಯಾಸವನ್ನು ಸರಿದೂಗಿಸಲೆಂದೇ ಹಳಿಯ ಮೇಲೆ ಉರುಳುವ ಚಕ್ರದ ಮೈಯನ್ನು ತುಸು ಓರೆಯಾಗಿ ಕೆತ್ತಿರುತ್ತಾರೆ. ಅದರಿಂದ ಆಗುವಷ್ಟು ಸರಿಹೋಗುತ್ತದೆ. ಮಿಕ್ಕಿದ್ದಕ್ಕೆ ಚಕ್ರ ಜಾರಬೇಕು, ಹಳಿ ಸವೆಯಬೇಕು, ಕಿವಿಗಡಚಿಕ್ಕುವ ಕಿರುಗುಟ್ಟುವಿಕೆಯನ್ನು ಪ್ರಯಾಣಿಕರು ಕೇಳಿಸಿಕೊಳ್ಳಬೇಕು. ಹಳಿ ಕಿರಿದಾದಷ್ಟೂ ಈ ತಿಕ್ಕಾಟ ಕಡಿಮೆ. ಬೋಗಿಯೂ ಗಿಡ್ಡವಿರುವುದರಿಂದ ಬಿಗಿಯಾದ ತಿರುವಿನಲ್ಲಿ ನುಸುಳಿಕೊಳ್ಳುತ್ತದೆ. ನಮ್ಮ ಬ್ರಾಡ್ ಗೇಜ್ ಮಾರ್ಗಗಳಲ್ಲಿ ತಿರುವಿನ ತ್ರಿಜ್ಯ 175 ಮೀಟರ್‌ಗಿಂತ ಕಡಿಮೆ ಇರಬಾರದು. ಕಾಲ್ಕಾ–ಶಿಮ್ಲಾ ಮಾರ್ಗದ ಅತಿ ಬಿಗಿಯಾದ ತಿರುವಿನದು ಸುಮಾರು 37 ಮೀಟರ್.

ಗುಡ್ಡಗಾಡಿನಲ್ಲಿ ಹಣ ಉಳಿಯುವುದು ಇಲ್ಲಿಯೇ. 175 ಮೀಟರಿನ ತಿರುವು ಬೇಕೆಂದರೆ ಎದುರಿಗೆ ಬಂದ ಗುಡ್ಡವನ್ನು ಕೊರೆಯಬೇಕು, ಹಳ್ಳಕ್ಕೆ ಎತ್ತರದ ಸೇತುವೆ ಕಟ್ಟಬೇಕು. 37 ಮೀಟರ್ ಸಾಕೆಂದರೆ ಗುಡ್ಡದ ಮೈಯನ್ನೇ ಬಳಸಿಕೊಂಡು ಹೋಗಬಹುದು. ಹಾಗೆಂದು ಖರ್ಚೇ ಇಲ್ಲವೆಂದಲ್ಲ. 1903ರಲ್ಲಿ ಸಂಚಾರಕ್ಕೆ ತೆರೆದುಕೊಂಡ ಕಾಲ್ಕಾ–ಶಿಮ್ಲಾದ 96 ಕಿಲೋಮೀಟರ್ ದಾರಿಯಲ್ಲಿ ನೂರಕ್ಕೂ ಹೆಚ್ಚು ಸುರಂಗಗಳಿವೆ. ಬರೋಗ್ ಸುರಂಗ ಒಂದೇ 1143 ಮೀಟರ್ ಉದ್ದವಿದೆ.

ಕಿರಿದಾದ ಹಳಿಗೆ ತೆರುವ ಬೆಲೆಯೂ ಇದೆ. ಬೋಗಿ ಚಿಕ್ಕದು, ಜನ ಕಡಿಮೆ, ವೇಗ ಕಡಿಮೆ. ಜೊತೆಗೆ ಗೇಜ್ ಬದಲಾಗುವ ನಿಲ್ದಾಣದಲ್ಲಿ ಎಲ್ಲರೂ ಇಳಿದು ಬೇರೆ ರೈಲು ಹತ್ತಬೇಕು. ಮನುಷ್ಯರು ಇಳಿದು ಹತ್ತುತ್ತಾರೆ, ಕಾಫಿ ಮೂಟೆ ಹತ್ತುವುದಿಲ್ಲ. ಪ್ರತಿ ಮೂಟೆಯನ್ನೂ ಒಂದು ಬೋಗಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ಕೂಲಿ, ಸಮಯ ಎರಡೂ ಮೈಮೇಲೆ ಬರುತ್ತವೆ. ತೋಟದ ಕಣದಿಂದ ನೇರ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಬಾಗಿಲಿಗೆ ಹೋಗುವ ಲಾರಿಯ ಮುಂದೆ ಇದು ನಿಲ್ಲದು. ಬೆಟ್ಟದ ಪುಟ್ಟ ರೈಲುಗಳು ಸರಕು ಸಾಗಣೆಯನ್ನು ಕಳೆದುಕೊಂಡದ್ದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು.

ಏರು ಹತ್ತುವ ಬಗೆ

ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಘರ್ಷಣೆ ತೀರಾ ಕಡಿಮೆ. ಬಯಲಿನಲ್ಲಿ ಇದೇ ರೈಲಿನ ದೊಡ್ಡ ಅನುಕೂಲ. ಸ್ವಲ್ಪ ಶಕ್ತಿಗೆ ದೊಡ್ಡ ಭಾರ ಸಾಗುತ್ತದೆ. ಏರಿನಲ್ಲಿ ಅದೇ ತಿರುಗುಬಾಣ. ಹಿಡಿತ ಸಾಲದೆ ಚಕ್ರ ನಿಂತಲ್ಲೇ ಸುತ್ತುತ್ತದೆ.

ರೈಲ್ವೆಯವರು ಏರನ್ನು ‘33ಕ್ಕೆ 1’ ಎಂಬಂತೆ ಹೇಳುತ್ತಾರೆ. ಮುಂದಕ್ಕೆ 33 ಮೀಟರ್ ಸಾಗಿದಾಗ ಮೇಲಕ್ಕೆ ಒಂದು ಮೀಟರ್ ಎಂದು ಅರ್ಥ. ಕಾಲ್ಕಾ–ಶಿಮ್ಲಾದ ಏರು ಇದೇ. ಇದರ ಮೇಲೆ 100 ಟನ್ ತೂಕದ ರೈಲು ನಿಂತರೆ ಸುಮಾರು 3 ಟನ್ ಬಲ ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ನೀಲಗಿರಿಯ ಅತಿ ಕಡಿದಾದ ಭಾಗದಲ್ಲಿ ಏರು 12ಕ್ಕೆ 1. ಅಲ್ಲಿ ಎಳೆತ 8 ಟನ್ ದಾಟುತ್ತದೆ. ನಮಗೆ ಪರಿಚಯವಿರುವ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಬ್ರಾಡ್ ಗೇಜ್ ಮಾರ್ಗದಲ್ಲಿ ಏರು 50ಕ್ಕೆ 1. ಅಷ್ಟಕ್ಕೇ ಅಲ್ಲಿ ರೈಲಿಗೆ ಹೆಚ್ಚುವರಿ ಎಂಜಿನ್‌ಗಳ ನೆರವು ಬೇಕಾಗುತ್ತದೆ.

ಕಡಿದಾದ ಗುಡ್ಡವನ್ನು ಕಡಿಮೆ ಏರಿನಲ್ಲಿ ಹತ್ತಬೇಕಾದರೆ ದಾರಿಯನ್ನು ಉದ್ದ ಮಾಡುವುದೇ ಉಪಾಯ. 1881ರಲ್ಲಿ ಪೂರ್ತಿಯಾದ, 610 ಮಿ.ಮೀ. ಹಳಿಯ ಡಾರ್ಜಿಲಿಂಗ್ ರೈಲು ಇದನ್ನು ಎರಡು ರೀತಿ ಮಾಡುತ್ತದೆ. ಕೆಲವು ಕಡೆ ಹಳಿ ಸುರುಳಿ ಸುತ್ತಿ ತನ್ನ ಮೇಲೆಯೇ ದಾಟಿಕೊಂಡು ಹೋಗುತ್ತದೆ. ಇಂಥ ಸುರುಳಿಗಳು ಮೂರು. ಸುರುಳಿಗೂ ಜಾಗವಿಲ್ಲದ ಕಡೆ ರೈಲು ಮುಂದೆ ಹೋಗಿ ನಿಂತು, ಹಿಮ್ಮುಖವಾಗಿ ಮೇಲಿನ ಹಳಿಗೆ ಸರಿದು, ಮತ್ತೆ ಮುಂದಕ್ಕೆ ಹೊರಡುತ್ತದೆ. ಇಂಥ ಅಂಕುಡೊಂಕು ತಾಣಗಳು ಆರು. ಹೀಗೆ 88 ಕಿಲೋಮೀಟರ್ ಸಾಗುತ್ತ 2258 ಮೀಟರ್ ಎತ್ತರದ ಘೂಮ್ ನಿಲ್ದಾಣವನ್ನು ದಾಟುತ್ತದೆ. ಹಳಿ ಒದ್ದೆಯಾಗಿ ಚಕ್ರ ಜಾರಿದರೆ ಉಗಿ ಎಂಜಿನ್‌ನ ಮೂತಿಯಲ್ಲಿ ಕುಳಿತ ಸಿಬ್ಬಂದಿ ಕೈಯಿಂದಲೇ ಹಳಿಗೆ ಮರಳು ಉದುರಿಸುತ್ತಾರೆ. ಕಂಪ್ಯೂಟರ್ ಕಾಲದಲ್ಲೂ ಮರಳಿಗೆ ಬದಲಿ ಸಿಕ್ಕಿಲ್ಲ; ದೊಡ್ಡ ಎಂಜಿನ್‌ಗಳಲ್ಲೂ ಮರಳಿನ ಪೆಟ್ಟಿಗೆ ಇರುತ್ತದೆ.

ನೀಲಗಿರಿಯ ಉಪಾಯ ಬೇರೆ. ಕಾಳುಮೆಣಸು ಕೊಯ್ಯುವವರು ಸಿಲ್ವರ್ ಮರಕ್ಕೆ ಒರಗಿಸುವ ಒಂಟಿ ಬಿದಿರಿನ ಏಣಿಯನ್ನು ನೋಡಿದ್ದೀರಿ. ನುಣುಪಾದ ಬಿದಿರನ್ನು ಯಾರೂ ಹತ್ತಲಾರರು. ಗೆಣ್ಣಿನ ಬಳಿ ಉಳಿಸಿದ ಗೂಟದ ಮೇಲೆ ಬೆರಳೂರಿದರೆ ಸಲೀಸಾಗಿ ಮೇಲೇರಬಹುದು. ನೀಲಗಿರಿಯಲ್ಲಿ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಉಕ್ಕಿನ ಪಟ್ಟಿಗಳನ್ನು ಹಾಕಿದ್ದಾರೆ. ಎಂಜಿನ್‌ನ ಹೊಟ್ಟೆಯಡಿ ಇರುವ ಹಲ್ಲಿನ ಚಕ್ರ ಆ ಪಟ್ಟಿಯನ್ನು ಕಚ್ಚಿ ಹಿಡಿದು ಏರುತ್ತದೆ. ಪಟ್ಟಿಗಳು ಎರಡಿದ್ದು, ಒಂದರ ಹಲ್ಲು ಇನ್ನೊಂದರ ಸಂದಿಗೆ ಸರಿಯಾಗಿ ಬರುವಂತೆ ಜೋಡಿಸಿರುವುದರಿಂದ ಯಾವ ಕ್ಷಣದಲ್ಲೂ ಹಿಡಿತ ತಪ್ಪುವುದಿಲ್ಲ. ಇದಕ್ಕೆ ಆಬ್ಟ್ ಪದ್ಧತಿ ಎಂದು ಹೆಸರು.

ಈ ಹಲ್ಲಿನ ಹಳಿ ಇರುವುದು ಕಲ್ಲಾರಿನಿಂದ ಕೂನೂರಿನವರೆಗೆ. ಅಲ್ಲಿ ಎಂಜಿನ್ ರೈಲಿನ ಮುಂದೆ ಇರುವುದಿಲ್ಲ. ತಗ್ಗಿನ ಕಡೆ ನಿಂತು ಬೋಗಿಗಳನ್ನು ಮೇಲಕ್ಕೆ ತಳ್ಳುತ್ತದೆ. ಬೋಗಿಗಳ ಕೊಂಡಿ ಕಳಚಿದರೂ ಅವು ಕೆಳಗೆ ಓಡದಂತೆ ಈ ಏರ್ಪಾಡು. ಇದಲ್ಲದೆ ಬೋಗಿಗಳಲ್ಲೇ ಬ್ರೇಕ್ ಹಾಕುವ ಸಿಬ್ಬಂದಿ ನಿಂತಿರುತ್ತಾರೆ. ವೇಗ ಗಂಟೆಗೆ 13 ಕಿಲೋಮೀಟರ್ ಮೀರುವಂತಿಲ್ಲ. ಮೇಟ್ಟುಪಾಳಯಂನಿಂದ ಊಟಿಗೆ 46 ಕಿಲೋಮೀಟರ್; ಬೆಳಿಗ್ಗೆ 7 ಗಂಟೆಯ ಸುಮಾರಿಗೆ ಹೊರಟ ರೈಲು ತಲುಪುವುದು ಮಧ್ಯಾಹ್ನ.

ವಿದ್ಯುತ್ ರೈಲಾದರೆ ಹಲ್ಲಿಲ್ಲದೆಯೂ ಕಡಿದಾದ ಏರು ಹತ್ತಬಹುದು. ಸ್ವಿಟ್ಜರ್ಲೆಂಡಿನ ಬೆರ್ನಿನಾ ಮಾರ್ಗ ಮೀಟರ್ ಗೇಜ್‌ನಲ್ಲಿ ಸುಮಾರು 14ಕ್ಕೆ 1 ಏರನ್ನು ಬರೀ ಚಕ್ರದ ಹಿಡಿತದಿಂದಲೇ ಹತ್ತಿ 2253 ಮೀಟರ್ ಎತ್ತರ ಮುಟ್ಟುತ್ತದೆ. ಹಲವು ಅಚ್ಚುಗಳಿಗೆ ಮೋಟಾರು ಇರುವುದರಿಂದ ಭಾರವೆಲ್ಲ ಹಿಡಿತಕ್ಕೆ ಒದಗುತ್ತದೆ.

ಒಂದೇ ಹಳಿ, ಎರಡು ಬಗೆಯ ಪ್ರಯಾಣಿಕರು

ಇನ್ನು ಜನರ ವಿಷಯ. ನನಗೆ ಎಂಜಿನ್‌ಗಿಂತ ಇದೇ ಹೆಚ್ಚು ಕುತೂಹಲದ್ದು. ಪ್ರವಾಸಿಗೆ ಬೇಕಾದುದು ಕಿಟಕಿ ಪಕ್ಕದ ಸೀಟು, ಮೊದಲೇ ಕಾಯ್ದಿರಿಸುವ ಅವಕಾಶ, ನಿಧಾನ ಓಟ, ಹಗಲು ಹೊತ್ತು. ಊರಿನವರಿಗೆ ಬೇಕಾದುದು ಬೆಳಿಗ್ಗೆ ಕಚೇರಿ, ಕಾಲೇಜು ವೇಳೆಗೆ ಒಂದು ರೈಲು, ಸಂಜೆ ವಾಪಸಿಗೆ ಇನ್ನೊಂದು, ಕಡಿಮೆ ದರದ ತಿಂಗಳ ಪಾಸ್, ನಿಂತಾದರೂ ಹೋಗಲು ಜಾಗ. ಇವೆರಡನ್ನೂ ಒಂದೇ ರೈಲಿನಲ್ಲಿ ಪೂರೈಸಲು ಹೊರಟರೆ ಒಬ್ಬರು ಕೈಬಿಡಬೇಕಾಗುತ್ತದೆ, ಸಾಮಾನ್ಯವಾಗಿ ಊರಿನವರೇ.

ನೀಲಗಿರಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಮೇಟ್ಟುಪಾಳಯಂ–ಕೂನೂರು ನಡುವೆ, ಅಂದರೆ ಹಲ್ಲಿನ ಹಳಿಯೂ ಸೇರಿದ ಭಾಗದಲ್ಲಿ, ಬಹುಪಾಲು ಪ್ರವಾಸಿಗರದೇ ಪ್ರಯಾಣ. ಬಸ್ ಅರ್ಧ ಸಮಯದಲ್ಲಿ ಮುಟ್ಟಿಸುವಾಗ ಕೆಲಸಕ್ಕೆ ಹೋಗುವವರು ರೈಲು ಏಕೆ ಹತ್ತುತ್ತಾರೆ? ಕೂನೂರಿನಿಂದ ಮೇಲೆ ಕಥೆ ಬೇರೆ. ಅಲ್ಲಿ ಹಲ್ಲಿನ ಹಳಿ ಇಲ್ಲ, ಡೀಸೆಲ್ ಎಂಜಿನ್ ಎಳೆಯುತ್ತದೆ, ಊಟಿಗೆ ದಿನಕ್ಕೆ ಹಲವು ಬಾರಿ ಓಡಾಟವಿದೆ. ವೆಲ್ಲಿಂಗ್ಟನ್‌ನ ಸೈನಿಕ ನೆಲೆ, ಅರುವಂಕಾಡಿನ ಸಿಡಿಮದ್ದು ಕಾರ್ಖಾನೆ, ಕೇತಿ, ಲವ್‌ಡೇಲ್ ಎಲ್ಲವೂ ಹಳಿಯ ಪಕ್ಕದಲ್ಲೇ ಇವೆ. ಹತ್ತಿರ ಹತ್ತಿರ ನಿಲ್ದಾಣ, ಮೇಲಿಂದ ಮೇಲೆ ರೈಲು ಇದ್ದಲ್ಲಿ ಸ್ಥಳೀಯರೂ ಹತ್ತುತ್ತಾರೆ.

ಡಾರ್ಜಿಲಿಂಗ್ ಇದನ್ನು ಇನ್ನೊಂದು ತುದಿಗೆ ಒಯ್ದಿದೆ. ಡಾರ್ಜಿಲಿಂಗ್‌ನಿಂದ ಘೂಮ್‌ಗೆ ಹೋಗಿ ಮರಳುವ ಸವಾರಿಗಳು ಪ್ರವಾಸಿಗರಿಗೆಂದೇ ಇವೆ. ಅವುಗಳ ದರ ಮಾಮೂಲಿ ಟಿಕೆಟ್‌ಗೆ ಹೋಲಿಸಿದರೆ ಹಲವು ಪಟ್ಟು. ಹಳಿ ಪೇಟೆಯ ಅಂಗಡಿಗಳ ಮುಂದೆ ಕೈಗೆಟಕುವಷ್ಟು ಹತ್ತಿರದಲ್ಲಿ ಹಾಯುತ್ತದೆ, ಆದರೆ ಅಂಗಡಿಯವರು ಪ್ರಯಾಣಕ್ಕೆ ಜೀಪು ಹಿಡಿಯುತ್ತಾರೆ. ಕಾಂಗ್ರಾ ಕಣಿವೆಯ 164 ಕಿಲೋಮೀಟರ್ ಮಾರ್ಗ ಇದಕ್ಕೆ ವಿರುದ್ಧ. ಶಾನನ್ ಜಲವಿದ್ಯುತ್ ಕಾಮಗಾರಿಗೆ ಸಾಮಗ್ರಿ ಸಾಗಿಸುವ ಅಗತ್ಯವೂ ಸೇರಿ 1929ರ ವೇಳೆಗೆ ಪೂರ್ತಿಯಾದ ಈ ಮಾರ್ಗ ಬಸ್ಸಿಗಿಂತ ಅಗ್ಗದ ಟಿಕೆಟ್‌ನಿಂದ ಹಳ್ಳಿಗರ ರೈಲಾಗಿಯೇ ಬೆಳೆಯಿತು.

ಮಹಾರಾಷ್ಟ್ರದ ಮಾಥೇರಾನ್‌ನದು ವಿಶೇಷ ಸಂಗತಿ. ಆ ಗಿರಿಧಾಮದೊಳಗೆ ಪ್ರವಾಸಿಗರ ಕಾರು, ಬೈಕಿಗೆ ಪ್ರವೇಶವಿಲ್ಲ. ದಸ್ತೂರಿ ನಾಕಾದಲ್ಲೇ ನಿಲ್ಲಿಸಬೇಕು. ಅಲ್ಲಿಂದ ಮುಂದೆ ನಡಿಗೆ, ಕುದುರೆ, ರಿಕ್ಷಾ, ಇಲ್ಲವೇ ಅಮನ್ ಲಾಡ್ಜ್ ನಿಲ್ದಾಣದಿಂದ ಪುಟ್ಟ ರೈಲು. ಹಾಗಾಗಿ ಪ್ರವಾಸಿಗರ ಜೊತೆಗೆ ಊರಿನ ದಿನಸಿಯೂ ಅದೇ ಹಳಿಯ ಮೇಲೆ ಬರುತ್ತದೆ. ರಸ್ತೆಯ ಸ್ಪರ್ಧೆ ಇಲ್ಲದ ಕಡೆ ಪುಟ್ಟ ರೈಲು ನಿಜವಾಗಿ ಬೇಕಾದ ರೈಲಾಗುತ್ತದೆ.

ಬೆರ್ನಿನಾದವರು ಈ ಗಂಟನ್ನು ಬಿಡಿಸಿದ ರೀತಿ ಸರಳ. ಒಂದೇ ಹಳಿಯ ಮೇಲೆ ಎರಡು ಬೇರೆ ರೈಲು ಓಡಿಸುತ್ತಾರೆ. ದೊಡ್ಡ ಗಾಜಿನ ಕಿಟಕಿಗಳ ಪ್ರವಾಸಿ ರೈಲಿಗೆ ಸೀಟು ಕಾಯ್ದಿರಿಸಲೇಬೇಕು, ಅದಕ್ಕೆ ಹೆಚ್ಚುವರಿ ಹಣ. ಅದೇ ದಾರಿಯಲ್ಲಿ ಸುಮಾರು ಗಂಟೆಗೊಂದರಂತೆ ಓಡುವ ಮಾಮೂಲಿ ರೈಲಿಗೆ ಆ ಹೆಚ್ಚುವರಿ ಇಲ್ಲ. ಊರಿನವರು ಟಿಕೆಟ್ ತೆಗೆದು ಹತ್ತುತ್ತಾರೆ, ಇಳಿಯುತ್ತಾರೆ. ಕಾಲ್ಕಾ–ಶಿಮ್ಲಾದಲ್ಲೂ ಸ್ವಲ್ಪ ಮಟ್ಟಿಗೆ ಇದೇ ಏರ್ಪಾಡು: ಕಾಯ್ದಿರಿಸಿದ ಪ್ರವಾಸಿ ರೈಲುಗಳು ಒಂದು ಕಡೆ, ಪ್ಯಾಸೆಂಜರ್ ಬೋಗಿಗಳು ಇನ್ನೊಂದು ಕಡೆ. ಒಂಟಿ ಹಳಿಯಲ್ಲಿ ಇದಕ್ಕೊಂದು ಮಿತಿಯಿದೆ. ಎದುರು ಬದುರು ಬರುವ ರೈಲುಗಳು ನಿಲ್ದಾಣದಲ್ಲಿ ಮಾತ್ರ ಪರಸ್ಪರ ದಾಟಬಲ್ಲವು. ಆದ್ದರಿಂದ ಪ್ರವಾಸಿ ರೈಲೊಂದನ್ನು ಹೆಚ್ಚಿಸಿದರೆ ಪ್ಯಾಸೆಂಜರ್ ಎಲ್ಲೋ ಒಂದು ಕಡೆ ಕಾಯಬೇಕು. ದಾಟುವ ನಿಲ್ದಾಣಗಳನ್ನು ಎಷ್ಟು ಕಟ್ಟಿದ್ದಾರೆ ಎಂಬುದರ ಮೇಲೆ ಊರಿನವರ ಪಾಲು ತೀರ್ಮಾನವಾಗುತ್ತದೆ.

ಟಿಕೆಟ್ ಹಣದಿಂದಲೇ ಈ ಮಾರ್ಗಗಳ ಖರ್ಚು ಹುಟ್ಟುತ್ತದೆ ಎಂಬ ಭ್ರಮೆ ಬೇಡ. ನಮ್ಮ ದೇಶದ ಬೆಟ್ಟದ ರೈಲುಗಳು ನಷ್ಟದಲ್ಲೇ ನಡೆಯುತ್ತಿವೆ.

ಮಳೆ ಹಿಡಿದಾಗ

ಗುಡ್ಡದ ಮೈಯನ್ನು ಬಳಸಿ ಹೋಗುವ ಹಳಿಗೆ ಒಂದು ಪಕ್ಕದಲ್ಲಿ ಬರೆ, ಅಂದರೆ ಕಡಿದ ಗುಡ್ಡದ ಗೋಡೆ, ಇನ್ನೊಂದು ಪಕ್ಕದಲ್ಲಿ ಪ್ರಪಾತ. ಬರೆ ಕುಸಿದರೆ ಹಳಿ ಮುಚ್ಚಿಹೋಗುತ್ತದೆ, ಕೆಳಗಿನ ಮಣ್ಣು ಜಾರಿದರೆ ಹಳಿ ನೇತಾಡುತ್ತದೆ. 2023ರ ಆಗಸ್ಟ್‌ನಲ್ಲಿ ಶಿಮ್ಲಾದ ಸಮ್ಮರ್ ಹಿಲ್ ಬಳಿ ಆದದ್ದು ಎರಡನೆಯದು. ಅಡಿಯ ಸ್ಲೀಪರ್ ತೊಲೆಗಳ ಸಮೇತ ಹಳಿಗಳು ಕಣಿವೆಯ ಮೇಲೆ ತೂಗುತ್ತಿದ್ದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಕಾಂಗ್ರಾ ಮಾರ್ಗದ ಚಕ್ಕಿ ಸೇತುವೆ 2022ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಮಾಥೇರಾನ್ ಮಾರ್ಗ 2019ರ ಮಳೆಗೆ ಹಾಳಾಗಿ ವರ್ಷಗಟ್ಟಲೆ ಪೂರ್ತಿ ಓಡಲಿಲ್ಲ. ಡಾರ್ಜಿಲಿಂಗ್‌ನ ಕೆಳಭಾಗದಲ್ಲಿ 2010ರಲ್ಲಿ ಕಡಿದುಹೋದ ಸಂಪರ್ಕ ಮರಳಿದ್ದು 2015ರಲ್ಲಿ. ಅಷ್ಟೂ ವರ್ಷ ಮೇಲ್ಭಾಗದ ಪ್ರವಾಸಿ ಓಟ ನಡೆದೇ ಇತ್ತು.

ಕೊಡಗಿಗೆ ಹೆಚ್ಚು ಹತ್ತಿರದ ಉದಾಹರಣೆ ಮುನ್ನಾರ್. ಅಲ್ಲಿನ ಚಹಾ ತೋಟಗಳಿಗಾಗಿ 1902ರಲ್ಲಿ ಒಂದೇ ಕಂಬಿಯ ಮೇಲೆ ಓಡುವ ಮೊನೊರೈಲು ಬಂತು, 1908ರಲ್ಲಿ ಅದು ನ್ಯಾರೋ ಗೇಜ್ ಆಯಿತು. 1924ರ ಮಹಾಮಳೆ ಅದನ್ನು ನಾಶ ಮಾಡಿತು. ಮತ್ತೆ ಯಾರೂ ಕಟ್ಟಲಿಲ್ಲ.

ಕುಸಿತಕ್ಕೆ ಕಾರಣ ನೀರು. ಇಳಿಜಾರನ್ನು ಕಡಿದಾಗ ಮೇಲಿನ ಮಣ್ಣಿಗೆ ಇದ್ದ ಆಸರೆ ಹೋಗುತ್ತದೆ. ವಾರಗಟ್ಟಲೆ ಸುರಿದ ಮಳೆ ಮಣ್ಣಿನೊಳಗೆ ಇಳಿದು ಭಾರ ಹೆಚ್ಚಿಸುತ್ತದೆ, ಕಣಗಳ ನಡುವಿನ ಹಿಡಿತವನ್ನು ಸಡಿಲಿಸುತ್ತದೆ. ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಭಾಗದಲ್ಲಿ ಗುಡ್ಡಗಳೇ ಕೆಳಗಿಳಿದವು. ಹಾಗಾಗಿ ಬೆಟ್ಟದ ರೈಲಿನಲ್ಲಿ ಎಂಜಿನ್‌ಗಿಂತ ಚರಂಡಿ ಮುಖ್ಯ. ಬರೆಯ ನೆತ್ತಿಯಲ್ಲೇ ನೀರನ್ನು ಅಡ್ಡಗಟ್ಟಿ ಬೇರೆಡೆಗೆ ಹರಿಸುವ ಕಾಲುವೆ, ಹಳಿ ಪಕ್ಕದ ಚರಂಡಿ, ಹಳಿಯಡಿಯ ಮೋರಿ, ತಡೆಗೋಡೆಯಲ್ಲಿ ನೀರು ಬಸಿಯಲು ಬಿಟ್ಟ ತೂತು, ಇವುಗಳಲ್ಲಿ ಒಂದು ಕಟ್ಟಿಕೊಂಡರೂ ಉಳಿದವು ವ್ಯರ್ಥ. ಮಳೆಗಾಲದಲ್ಲಿ ಟಾರ್ಚ್ ಹಿಡಿದು ಹಳಿಯುದ್ದಕ್ಕೂ ನಡೆಯುವ ಸಿಬ್ಬಂದಿಯ ಕೆಲಸವೇ ಅದು. ಬ್ರಾಡ್ ಗೇಜ್ ಆದ ಮಾತ್ರಕ್ಕೆ ಈ ಕಷ್ಟ ತಪ್ಪುವುದಿಲ್ಲ: 2024ರ ಜುಲೈನಲ್ಲಿ ಯಡಕುಮರಿ ಬಳಿ ಕುಸಿತವಾಗಿ ಸಕಲೇಶಪುರ ಘಾಟಿಯ ರೈಲುಗಳು ಹಲವು ದಿನ ನಿಂತಿದ್ದವು.

ಆನೆಗಳ ವಿಷಯದಲ್ಲಿ ಮಾತ್ರ ನಿಧಾನದ ರೈಲಿಗೆ ಮೇಲುಗೈ. ಕಲ್ಲಾರಿನ ಕಡೆ ಹಳಿಯ ಮೇಲೆ ಆನೆ ಬಂದರೆ ರೈಲು ನಿಂತು ಕಾಯಬಲ್ಲದು. ಉತ್ತರ ಬಂಗಾಳದ ಡುವಾರ್ಸ್ ಕಾಡಿನ ಮೀಟರ್ ಗೇಜ್ ಮಾರ್ಗವನ್ನು ಬ್ರಾಡ್ ಗೇಜ್ ಮಾಡಿದ ಬಳಿಕ ರೈಲಿಗೆ ಸಿಕ್ಕು ಸಾಯುವ ಆನೆಗಳ ಸಂಖ್ಯೆ ಏರಿತು. ಅಲ್ಲಿ ವೇಗವೂ ರೈಲುಗಳ ಸಂಖ್ಯೆಯೂ ಹೆಚ್ಚಿದ್ದವು.

ಕೊಡಗಿನ ಲೆಕ್ಕ

ಈಗ ಕುಶಾಲನಗರಕ್ಕೆ ಬರೋಣ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣದ ಮೂಲಕ ಪ್ರಸ್ತಾವವಾಗಿರುವ ಸುಮಾರು 87 ಕಿಲೋಮೀಟರ್ ಮಾರ್ಗ ಬ್ರಾಡ್ ಗೇಜ್. ಅದರಲ್ಲಿ ಹಲ್ಲಿನ ಹಳಿ ಇಲ್ಲ, ಸುರುಳಿ ಇಲ್ಲ, ಉಗಿ ಎಂಜಿನ್ ಇಲ್ಲ. ಹೆಚ್ಚೂಕಡಿಮೆ ಬಯಲು ನಾಡಿನಲ್ಲೇ ಸಾಗಿ ಜಿಲ್ಲೆಯ ಹೊಸ್ತಿಲಲ್ಲಿ ನಿಲ್ಲುವ ಮಾಮೂಲಿ ರೈಲು ಅದು. ಪ್ರಯಾಣಕ್ಕೆ, ಸರಕು ಸಾಗಣೆಗೆ ಅನುಕೂಲ ಎನ್ನುವವರಿದ್ದಾರೆ. ಜನ ಮತ್ತು ವಾಹನಗಳ ಒತ್ತಡ ಹೆಚ್ಚಿ ತೋಟ, ಕಾಡು, ನೀರಿನ ಮೇಲೆ ಪರಿಣಾಮ ಬೀರುತ್ತದೆ ಎಂದು ವಿರೋಧಿಸುವವರೂ ಇದ್ದಾರೆ. ತಲಶ್ಶೇರಿ–ಮೈಸೂರು ನಡುವಿನ ಹಳೆಯ ಪ್ರಸ್ತಾವಕ್ಕೂ ಜಿಲ್ಲೆಯಲ್ಲಿ ಇಂಥದೇ ವಿರೋಧ ಬಂದಿದೆ.

ಕುಶಾಲನಗರ ಸಮುದ್ರಮಟ್ಟದಿಂದ ಸುಮಾರು 830 ಮೀಟರ್, ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿವೆ. ಹತ್ತಬೇಕಾದುದು 320 ಮೀಟರ್. 33ಕ್ಕೆ 1ರ ಏರಾದರೆ ಕನಿಷ್ಠ ಹತ್ತೂವರೆ ಕಿಲೋಮೀಟರ್, 50ಕ್ಕೆ 1 ಆದರೆ 16 ಕಿಲೋಮೀಟರ್ ಹಳಿ ಬೇಕು. ಸುಂಟಿಕೊಪ್ಪದ ಮೇಲೆ ಹೋಗುವ ರಸ್ತೆಯೇ ಸುಮಾರು 30 ಕಿಲೋಮೀಟರ್ ಇದೆ. ಆದ್ದರಿಂದ ಎತ್ತರದ ಲೆಕ್ಕದಲ್ಲಿ ಈ ಭಾಗಕ್ಕೆ ನೀಲಗಿರಿಯ ಹಲ್ಲು ಬೇಕಾಗುವುದಿಲ್ಲ. ತಿರುವು, ತೋಟ, ಜಮೀನು ಬೇರೆ ಮಾತು.

ಪಶ್ಚಿಮದ ಮಗ್ಗುಲು ಹಾಗಲ್ಲ. ಸುಳ್ಯದಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಏರಬೇಕು. 50ಕ್ಕೆ 1ರಲ್ಲಿ 50 ಕಿಲೋಮೀಟರ್, 33ಕ್ಕೆ 1ರಲ್ಲಿ 33 ಕಿಲೋಮೀಟರ್, ನೀಲಗಿರಿಯಂತೆ 12ಕ್ಕೆ 1 ಆದರೆ 12 ಕಿಲೋಮೀಟರ್. ಸಕಲೇಶಪುರ–ಸುಬ್ರಹ್ಮಣ್ಯದ 55 ಕಿಲೋಮೀಟರಿಗೆ 57 ಸುರಂಗ ಬೇಕಾದವು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 2018ರಲ್ಲಿ ಗುಡ್ಡ ಕುಸಿದ ಜೋಡುಪಾಲವೂ ಇದೇ ಮಗ್ಗುಲಿನಲ್ಲಿದೆ.

ಹಾಗಾದರೆ ಹೊಸದಾಗಿ ನ್ಯಾರೋ ಗೇಜ್ ಹಾಕಬಾರದೇ? ಭಾರತೀಯ ರೈಲ್ವೆ ಈಗ ಬೆಟ್ಟಗಳಲ್ಲಿ ಕಟ್ಟುತ್ತಿರುವ ಮಾರ್ಗಗಳೂ ಬ್ರಾಡ್ ಗೇಜ್‌ಗಳೇ. ಗುಡ್ಡವನ್ನು ಬಳಸುವ ಬದಲು ಸುರಂಗ ಕೊರೆದು ಒಳಗಿನಿಂದಲೇ ಹೋಗುವುದು ಇಂದಿನ ರೀತಿ. ಉತ್ತರಾಖಂಡದ ಋಷಿಕೇಶ–ಕರ್ಣಪ್ರಯಾಗ ಮಾರ್ಗದ 125 ಕಿಲೋಮೀಟರ್‌ನಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಸುರಂಗದೊಳಗೇ ಇದೆ. ವೇಗ ಸಿಗುತ್ತದೆ, ದೇಶದ ಉಳಿದ ಹಳಿಗಳಿಗೆ ನೇರ ಸಂಪರ್ಕ ಸಿಗುತ್ತದೆ, ಕಿಟಕಿಯಾಚೆಯ ನೋಟ ಸಿಗುವುದಿಲ್ಲ. ಪ್ರವಾಸಿಗರು ಊಟಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಆ ನೋಟವನ್ನೇ.

ಕುಶಾಲನಗರಕ್ಕೆ ಮಾರ್ಗ ಬಂದರೂ ಮಡಿಕೇರಿಯ, ವಿರಾಜಪೇಟೆಯ, ಸೋಮವಾರಪೇಟೆಯ ಪ್ರಯಾಣಿಕರು ಅಲ್ಲಿಂದ ಬಸ್ ಹಿಡಿಯಲೇಬೇಕು. ಮೇಟ್ಟುಪಾಳಯಂನಲ್ಲಿ ಊಟಿಯ ರೈಲಿನ ವೇಳೆಯನ್ನು ರಾತ್ರಿ ಚೆನ್ನೈನಿಂದ ಹೊರಟು ಬೆಳಿಗ್ಗೆ ಬಂದಿಳಿಯುವ ರೈಲಿಗೆ ಹೊಂದಿಸಿದ್ದಾರೆ. ಕುಶಾಲನಗರದಲ್ಲಿ ಆ ಕೆಲಸ ಸಾರಿಗೆ ಬಸ್ಸಿನದಾಗುತ್ತದೆ. ಸಂಜೆಯ ಕೊನೆಯ ರೈಲು ಬಂದ ಮೇಲೆ ಸುಂಟಿಕೊಪ್ಪದ ಕಡೆಗೆ ಒಂದು ಬಸ್ ಇದೆಯೇ, ಸಿದ್ದಾಪುರದ ಕಡೆಗೆ ಒಂದು ಇದೆಯೇ ಎಂಬುದರ ಮೇಲೆಯೇ ಊರಿನವರು ಆ ರೈಲನ್ನು ಬಳಸುವುದೂ ಬಿಡುವುದೂ ನಿಂತಿರುತ್ತದೆ. ಪ್ರವಾಸಿಗರನ್ನು ಕರೆದೊಯ್ಯಲು ಹೋಂಸ್ಟೇಯವರ ಜೀಪು ಹೇಗೂ ಬರುತ್ತದೆ.